ಅವ್ವ ಒರೆಸಿದ ಕೆಮ್ಮಣ್ಣು

ಬಸವಕಲ್ಯಾಣದ ಅಂಗಡಿ ಸಾಲಿನಲ್ಲಿ ನೀವು ಒಮ್ಮೆಯಾದರೂ ಓಡಾಡಿದ್ದರೆ ನನ್ನ ಅಕ್ಷರ ಓದಿರುತ್ತೀರಿ, ನನ್ನ ಹೆಸರು ಕೇಳಿರಲಿಕ್ಕಿಲ್ಲ. ಹಿಟ್ಟಿನ ಗಿರಣಿ, ಕಿರಾಣಿ ಅಂಗಡಿ, ಶಾಲೆಯ ಗೋಡೆ, ಟ್ರ್ಯಾಕ್ಟರ್ ಟ್ರಾಲಿಯ ಹಿಂಬದಿ, ಎಲ್ಲದರ ಮೇಲೂ ಬರೆದಿದ್ದೇನೆ. ಪೇಂಟರ್ ಶರಣಪ್ಪ ಅಂದರೆ ನಾನೇ. ಫ್ಲೆಕ್ಸ್ ಬಂದ ಮೇಲೆ ಪಾಪ ನಿಮ್ಮ ಕೆಲಸ ಹೋಯಿತಲ್ಲ ಎಂದು ಜನ ನನ್ನ ಪರವಾಗಿ ಮರುಗುತ್ತಾರೆ. ನಾನು ಮರುಗುವುದಿಲ್ಲ. ಫ್ಲೆಕ್ಸ್ ಗಾಳಿ ಮಳೆಗೆ ಹರಿಯುತ್ತದೆ, ಆಮೇಲೆ ಅವರೇ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ನನಗೆ ಸ್ವಲ್ಪ ಸೊಕ್ಕು ಇದೆ ಅಂತಲೇ ಇಟ್ಟುಕೊಳ್ಳಿ.

ಈ ಕೆಲಸಕ್ಕೆ ಒಳ್ಳೆಯ ಕೈ ಬೇಕು ಎಂದು ಎಲ್ಲರೂ ಅಂದುಕೊಂಡಿದ್ದಾರೆ. ಕೈಗಿಂತ ಹೆಚ್ಚಾಗಿ ಎರಡು ಕಣ್ಣು ಬೇಕು. ಒಂದು ಕಣ್ಣು ಮುಚ್ಚಿಕೊಂಡು ಸೂಜಿಗೆ ದಾರ ಪೋಣಿಸಿ ನೋಡಿ, ನಾನು ಹೇಳುವುದು ತಿಳಿಯುತ್ತದೆ. ಕುಂಚದ ತುದಿ ಗೋಡೆಗೆ ಯಾವಾಗ ತಾಗುತ್ತದೆ ಎಂಬುದನ್ನು ಎರಡು ಕಣ್ಣು ಸೇರಿಯೇ ಹೇಳಬೇಕು. ಆ ಎರಡರಲ್ಲಿ ಬಲಗಣ್ಣು ಹೋಗುವುದರಲ್ಲಿತ್ತು. ಆ ಕಥೆಯನ್ನೇ ಬರೆಯುತ್ತಿದ್ದೇನೆ. ಇದೇ ಬೇನೆಯಲ್ಲಿ ಹಣೆ ಹಿಡಿದುಕೊಂಡು ಕೂತವರು ಯಾರಾದರೂ ಓದಿದರೆ, ಈ ಉರಿ ತಮಗೊಬ್ಬರಿಗೇ ಬಂದದ್ದಲ್ಲ ಎಂದು ಅವರಿಗೆ ಗೊತ್ತಾಗಲಿ.

ಬೇಸಿಗೆ ಆಗತಾನೇ ಕಾಲಿಟ್ಟಿತ್ತು. ಮುಡಬಿಯ ಶಾಲೆಯೊಂದರ ಗೋಡೆಗೆ ವರ್ಣಮಾಲೆ ಬರೆಯುವ ಕೆಲಸ ಹಿಡಿದಿದ್ದೆ. ಎರಡನೆಯ ದಿನವೋ ಮೂರನೆಯ ದಿನವೋ ಬಲಹುಬ್ಬಿನ ಮೇಲೆ ಚುರುಕ್ ಅಂದಿತು. ಇರುವೆ ಕಚ್ಚಿರಬೇಕು ಎಂದು ಉಜ್ಜಿಕೊಂಡೆ. ಸಂಜೆ ತಲೆ ಬಾಚುವಾಗ ಬಾಚಣಿಗೆಯ ಹಲ್ಲು ತಾಗಿದಲ್ಲೆಲ್ಲ ಮೈ ಜುಮ್ಮೆಂದಿತು. ಕೂದಲಿಗೂ ನೋವಾಗುತ್ತದೆ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಮನೆಯಲ್ಲಿ ಎಲ್ಲರೂ ಡಾಕ್ಟರರಾದರು. ಹೆಂಡತಿ ಸುವರ್ಣಾ, "ಟರ್ಪೆಂಟೈನ್ ವಾಸನಿ ತಲಿಗಿ ಹತ್ಯದ, ನಾಕ್ ದಿನ ಡಬ್ಬಿ ಮುಟ್ಟಬ್ಯಾಡ್ರಿ" ಅಂದಳು. ನನ್ನ ಗೆಳೆಯ ಖಾಜಾಮಿಯಾ ಬಸವಕಲ್ಯಾಣ, ಹುಮನಾಬಾದ್ ನಡುವೆ ಆಟೋ ಓಡಿಸುವವನು. ಅವನು, "ಚಾಳೀಸು ಬಂದದ ನಿನಗ. ವಯಸ್ಸಾತು ಅಂತ ಒಪ್ಪಿಕೋ" ಎಂದು ನಕ್ಕ. ಅವ್ವ ಉಪ್ಪು, ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದಳು. ಮೆಣಸಿನಕಾಯಿಯ ಘಾಟು ಬರದಿದ್ದುದರಿಂದ ದೃಷ್ಟಿ ತಗುಲಿದ್ದು ಖಾತ್ರಿಯಾಯಿತು. ನಾನು ತಲೆನೋವಿನ ಗುಳಿಗೆ ನುಂಗಿ ಮಲಗಿದೆ.

ಮರುದಿನವೋ ಅದರ ಮರುದಿನವೋ ಗುಳ್ಳೆ ಎದ್ದವು. ಹಣೆಯ ಬಲಭಾಗದಲ್ಲಿ, ಹುಬ್ಬಿನ ಸುತ್ತ, ಕಣ್ಣುರೆಪ್ಪೆಯ ಮೇಲೆ, ಸಾಸಿವೆ ಕಾಳಿನ ಗಾತ್ರದ ನೀರುಗುಳ್ಳೆಗಳು ಗುಂಪು ಗುಂಪಾಗಿ. ವಿಚಿತ್ರವೆಂದರೆ ಎಡಕ್ಕೆ ಒಂದೂ ಇಲ್ಲ. ನಾವು ಗೋಡೆಗೆ ದಾರ ಎಳೆದು ಹಿಡಿದು ಗೆರೆ ಹೊಡೆಯುತ್ತೇವಲ್ಲ, ಹಾಗೆ ಯಾರೋ ನೆತ್ತಿಯಿಂದ ಮೂಗಿನವರೆಗೆ ನಟ್ಟನಡುವೆ ಗೆರೆ ಹೊಡೆದು, ಈ ಕಡೆಯದು ಮಾತ್ರ ನಮ್ಮದು ಎಂದು ಹಂಚಿಕೊಂಡಂತಿತ್ತು. ಕನ್ನಡಿ ನೋಡಿ ನನಗೇ ನಗು ಬಂತು. ಅವ್ವ ಮಾತ್ರ ನೋಡಿದವಳೇ ಬಾಗಿಲು ಹಿಡಿದು ನಿಂತಳು.

"ನಾಗೀಣ ಅದ ಇದು," ಅಂದಳು. "ತಲಿಗಿ ಏರಿ ಕುಂತದ."

ಪುಸ್ತಕದಲ್ಲಿ ಸರ್ಪಸುತ್ತು ಎಂದು ಬರೆಯುವುದನ್ನು ನಮ್ಮ ಕಡೆ ಮರಾಠಿಯವರ ಬಾಯಿಂದ ಎತ್ತಿಕೊಂಡು ನಾಗೀಣ ಅನ್ನುತ್ತಾರೆ. ಅದರ ತಲೆ, ಬಾಲ ಕೂಡಿದರೆ ಮನುಷ್ಯ ಉಳಿಯುವುದಿಲ್ಲ, ಕೂಡುವುದಕ್ಕೆ ಮೊದಲೇ ಕೆಮ್ಮಣ್ಣಿನಿಂದ ದಾರಿ ಕಟ್ಟಬೇಕು ಎಂಬುದು ನಂಬಿಕೆ. ಹಾಗೆ ಬರೆಯುವವರು ಊರಿಗೊಬ್ಬರು ಇರುತ್ತಾರೆ. ಮುಡಬಿಯಲ್ಲಿ ಕಾಶಮ್ಮ ಆಯಿ ಇದ್ದಳು. ಅವ್ವ ಸುದ್ದಿ ಕಳಿಸಿದ ಮರುದಿನವೇ ಆ ಮುದುಕಿ ಬೆಳಿಗ್ಗೆ ಏನೂ ತಿನ್ನದೆ, ಮೊದಲ ಬಸ್ಸಿಗೆ ಬಂದಳು. ಬರೆದು ಮುಗಿಸುವವರೆಗೆ ನೀರೂ ಕುಡಿಯುವಂತಿಲ್ಲವಂತೆ. ಕೊಟ್ಟರೆ ಏನೂ ತೆಗೆದುಕೊಳ್ಳುವಂತೆಯೂ ಇಲ್ಲ. ಸುವರ್ಣಾಳಿಗೆ ಇದ್ಯಾವುದೂ ಮನಸ್ಸಿಗೆ ಬಂದಿರಲಿಲ್ಲ, ಆದರೂ ಹಸಿದ ಮುದುಕಿಯ ಮುಖ ನೋಡಿ ಮಣೆ ಹಾಕಿದಳು.

ಕಾಶಮ್ಮ ಆಯಿ ಕೆಮ್ಮಣ್ಣು ತೇಯ್ದು, ಕೋಳಿಪುಕ್ಕ ಅದ್ದಿ, ನನ್ನ ಹಣೆಯ ಮೇಲೆ ಎಳೆಯತೊಡಗಿದಳು. ಊರಿನ ಗೋಡೆಗೆಲ್ಲ ಬಣ್ಣ ಬಳಿದವನ ಮುಖಕ್ಕೆ ಬಣ್ಣ ಬಳಿಯುವವರು ಬಂದಿದ್ದರು. ನಾನು ಅವಳ ಕೈಯನ್ನೇ ಗಮನಿಸಿದೆ. ಬಣ್ಣ ಸ್ವಲ್ಪ ತೆಳುವಾಗಿತ್ತು, ಹುಬ್ಬಿನ ಹತ್ತಿರ ಇಳಿಯುತ್ತಿತ್ತು, ಆದರೆ ಕೈ ನಡುಗುತ್ತಿರಲಿಲ್ಲ. ತಣ್ಣಗಿನ ಆ ಮಣ್ಣು ತಾಗಿದಾಗ ಅಷ್ಟು ದಿನದ ಉರಿಯ ನಡುವೆ ಮೊದಲ ಸಲ ಜೀವಕ್ಕೆ ಹಿತವಾಯಿತು. ಅದನ್ನು ಇಲ್ಲವೆನ್ನಲಾರೆ. ಹಣೆ, ರೆಪ್ಪೆ, ಮೂಗು ಎಲ್ಲ ಮುಚ್ಚಿದ ಮೇಲೆ ಅವಳು ಅವ್ವನನ್ನು ಕರೆದು ಕಟ್ಟಳೆ ಹೇಳಿದಳು.

"ಹೊಸ್ತಿಲ ದಾಟಿಸಬ್ಯಾಡ. ಮಾರಿ ತೊಳಿಯೂದು ಇಲ್ಲ. ಮಣ್ಣು ತಾನೇ ಒಣಗಿ ತಾನೇ ಉದುರಬೇಕು. ನಡಕ ಯಾರರ ಒರಸಿದ್ರ, ಒರಸಿದವ್ರಿಗಿ ಹೋಗಿ ಕೂಡ್ತದ ಅದು. ತಿಳೀತಿಲ್ಲ?"

"ತಿಳೀತು ಆಯಿ," ಅಂದಳು ಅವ್ವ. ಆಮೇಲೆ ನನ್ನ ಮಂಚದ ಕಾಲ ಬಳಿಯೇ ಚಾಪೆ ಹಾಸಿಕೊಂಡಳು, ಯಾರೂ ಮುಟ್ಟದಂತೆ ಕಾವಲಿಗೆ.

ಮಣ್ಣು ಒಣಗಿ ಬಿಗಿಯಿತು. ಅದರ ಕೆಳಗೆ ಉರಿ ಇನ್ನೂ ಹೆಚ್ಚಾಯಿತು. ರೆಪ್ಪೆ ಬಾತು ಕಣ್ಣು ಮುಚ್ಚಿಕೊಂಡಿತು. ಮರುದಿನ ಮಧ್ಯಾಹ್ನ ಖಾಜಾಮಿಯಾ ನನ್ನನ್ನು ಗೇಲಿ ಮಾಡಲು ಬಂದವನು ನನ್ನ ಮುಖ ನೋಡಿ ಗೇಲಿ ಮರೆತ.

"ಸೊಂಟಕ್ಕ ಆಗಿದ್ರ ನಾ ಏನೂ ಅಂತಿದ್ದಿಲ್ಲ, ಅವ್ವಾ," ಎಂದ ಅವ್ವನಿಗೆ. "ಇದು ಕಣ್ಣಿಂದು ಮಾಮಲಾ. ಆಟೋ ಬಾಗಿಲ ಮುಂದೇ ಅದ. ಹುಮನಾಬಾದಿಗಿ ಒಯ್ತೀನಿ."

"ಹೊಸ್ತಿಲ ದಾಟಬ್ಯಾಡ ಅಂದಾಳ ಆಯಿ, ಬ್ಯಾಟಾ," ಅಂದಳು ಅವ್ವ.

ಸುವರ್ಣಾ ಅಷ್ಟೊತ್ತಿಗೆ ಚಪ್ಪಲಿ ಮೆಟ್ಟಿಕೊಂಡೇ ನಿಂತಿದ್ದಳು. ಅವಳ ತವರು ಹುಮನಾಬಾದ್, ಅವಳ ಅಪ್ಪನ ಕಣ್ಣಿನ ಪೊರೆ ತೆಗೆದ ಡಾಕ್ಟರ್ ಮೇಡಂ ಅಲ್ಲಿದ್ದರು. "ಅತ್ತಿ, ನಿಮ್ಮ ಮಾತ ಮೀರಾಕತ್ತಿಲ್ಲ ನಾ. ಆದ್ರ ಇವ್ರ ಕಣ್ಣ ಹೋದ್ರ ಯಾರಿಗಿ ಕೇಳ್ಳಿ?" ಅಂದಳು.

ಮೂವರೂ ನನ್ನ ಕಡೆ ತಿರುಗಿದರು. ನಾನು ಬೆರಳಿನಿಂದ ರೆಪ್ಪೆ ಎತ್ತಿ, ಎಡಗಣ್ಣು ಮುಚ್ಚಿ, ಬಾಗಿಲ ಹೊರಗೆ ನಿಂತ ಖಾಜಾಮಿಯಾನ ಆಟೋ ನೋಡಿದೆ. ಅದರ ನಂಬರು ನಾನೇ ಬರೆದದ್ದು. ಹಳದಿಯ ಮೇಲೆ ಕಪ್ಪು ಏನೋ ಕಲಸಿಕೊಂಡಂತೆ ಕಂಡಿತು, ಅಂಕಿ ಒಂದೂ ಕಾಣಲಿಲ್ಲ. "ನಡಿ ಹೋಗೂಣು," ಅಂದೆ. ನನ್ನ ಧ್ವನಿ ನನಗೇ ಸಣ್ಣದಾಗಿ ಕೇಳಿಸಿತು.

ಹೊಸ್ತಿಲು ದಾಟುವಾಗ ಅವ್ವ ತಡೆಯಲಿಲ್ಲ. ತಾನೂ ಸೆರಗು ಹೊದ್ದುಕೊಂಡು ಬಂದು ಆಟೋದಲ್ಲಿ ನನ್ನ ಪಕ್ಕ ಕೂತಳು, ಮಣ್ಣಿಗೆ ಗಾಳಿ ಬಡಿಯದಂತೆ ಕೈ ಅಡ್ಡ ಹಿಡಿದು, ಹುಮನಾಬಾದಿನವರೆಗೆ.

ದವಾಖಾನೆಯ ಕಾಯುವ ಕೋಣೆಯಲ್ಲಿ ಜನ ತುಂಬಿದ್ದರು. ಕೆಂಪು ಮುಖದ ನನ್ನನ್ನು ನೋಡಿ ಒಂದು ಕೂಸು ಚೀರಿತು. ಎರಡು ಬೆಂಚಿನವರು ಸರಿದು ಕೂತರು. ಜಾಗ ಕೊಟ್ಟರೋ ದೂರವಾದರೋ ತಿಳಿಯಲಿಲ್ಲ, ಕೂರಲು ಜಾಗವಂತೂ ಆಯಿತು. ಕೂತ ಮೇಲೆ ಗೊತ್ತಾಯಿತು, ತಲೆಯ ಮೇಲೆ ಫ್ಯಾನು. ಗಾಳಿ ಹಣೆಗೆ ಬಡಿದಾಗಲೆಲ್ಲ ಬಿಸಿ ಸೂಜಿ ಆಡಿಸಿದಂತಾಗಿ ನಾನು ಮುಲುಗುತ್ತಿದ್ದೆ. ಮುಲುಗಬಾರದೆಂದು ಹಲ್ಲು ಕಚ್ಚಿದರೂ ಬರುತ್ತಿತ್ತು.

ಎದುರಿಗೆ ಘಾಟಬೋರಾಳದ ಹೆಂಗಸೊಬ್ಬಳು ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಗಂಡನ ಜೊತೆ ಕೂತಿದ್ದಳು. "ಗಾಳಿ ತಾಕ್ತದೇನ್ರಿ ಅಣ್ಣಾರ?" ಎಂದು ಕೇಳಿದಳು. ಹೌದೆಂದು ತಲೆ ಆಡಿಸಿದೆ. ಅವಳು ಎದ್ದು ಹೋಗಿ ಸ್ವಿಚ್ ಆರಿಸಿದಳು. "ಯಾರು ಆರಿಸಿದ್ದು? ಶೆಕಿ ಆಗಾಕತ್ತದ," ಎಂದು ಮೂಲೆಯಿಂದ ಒಬ್ಬರು ರೇಗಿದರು. "ಆ ಅಣ್ಣಗ ನಾಗೀಣ ಆಗ್ಯದ, ಗಾಳಿ ಹತ್ತಿದ್ರ ಜೀವ ಹೋಗ್ತದ. ನಮಗ ಬೆವರು ಬಂದ್ರ ಸಾಯೂದಿಲ್ಲ," ಅಂದಳು ಅವಳು. ಬೇಸಿಗೆಯ ಮಧ್ಯಾಹ್ನ, ಅಷ್ಟೂ ಜನ ಟವೆಲಿನಿಂದ, ಚೀಟಿಯಿಂದ ಗಾಳಿ ಹಾಕಿಕೊಳ್ಳುತ್ತ ನನ್ನ ಸರದಿ ಬರುವವರೆಗೆ ಬೆವರುತ್ತ ಕೂತರು. ಆಮೇಲೆ ಎಷ್ಟೋ ದೊಡ್ಡ ಉಪಕಾರ ಪಡೆದಿದ್ದೇನೆ, ಆದರೆ ಆ ಕೋಣೆಯ ಬೆವರನ್ನು ಈಗಲೂ ಮರೆತಿಲ್ಲ. ಆ ಹೆಂಗಸಿನ ಹೆಸರನ್ನೂ ನಾನು ಕೇಳಲಿಲ್ಲ.

ಮೇಡಂ ಚಿಕ್ಕ ವಯಸ್ಸಿನವರು. ನನ್ನನ್ನು ನೋಡಿ ಬೈಯುತ್ತಾರೆ ಎಂದು ಅಂಜಿದ್ದೆ, ಬೈಯಲಿಲ್ಲ. ಬ್ಯಾಟರಿ ಹಿಡಿದು ಆ ಕಡೆ ಈ ಕಡೆ ನೋಡಿ, "ಇದರ ಕೆಳಗ ಏನದ ನನಗ ಕಾಣಬೇಕು. ಮೂಗಿನ ತುದಿಮ್ಯಾಗ ಗುಳ್ಳಿ ಅದಾವೋ ಇಲ್ಲೋ ನೋಡಬೇಕು. ಈ ಮಣ್ಣು ತೆಗಿರಿ," ಅಂದರು.

ನರ್ಸು ಹತ್ತಿಯನ್ನು ನೀರಿಗೆ ಅದ್ದಿದಳು. ಅವ್ವ ಅವಳ ಮೊಣಕೈ ಹಿಡಿದಳು. "ನೀ ಬ್ಯಾಡವ್ವಾ. ಮಕ್ಕಳ ತಾಯಿ ಇರ್ತೀ." ನರ್ಸಿಗೆ ಏನೂ ಅರ್ಥವಾಗಲಿಲ್ಲ. ಸುವರ್ಣಾ ಮುಂದೆ ಬಂದು, "ಕೊಡ್ರಿ, ನಾ ಒರಸ್ತೀನಿ" ಎಂದು ಕೈ ಚಾಚಿದಳು.

"ನೀ ಸರಿ," ಅಂದಳು ಅವ್ವ. ಅವಳು ಸುವರ್ಣಾಳ ಜೊತೆ ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಎಂದೂ ಕೇಳಿರಲಿಲ್ಲ. "ನೀ ಮುಟ್ಟಬ್ಯಾಡ. ನಾ ಒರಸ್ತೀನಿ. ನಂದು ಬದುಕೂದೆಲ್ಲಾ ಆಗ್ಯದಲ್ಲ."

ಹತ್ತಿಯನ್ನೂ ತೆಗೆದುಕೊಳ್ಳಲಿಲ್ಲ. ತನ್ನ ಸೆರಗಿನ ತುದಿಯನ್ನೇ ನೀರಲ್ಲಿ ಅದ್ದಿ, ಹುಬ್ಬಿನ ಮೇಲಿಂದ ಶುರು ಮಾಡಿದಳು. ಒಣಗಿದ ಮಣ್ಣು ಗುಳ್ಳೆಯ ಜೊತೆ ಅಂಟಿಕೊಂಡಿತ್ತು. ನೆನೆಸುವುದು, ಕಾಯುವುದು, ಒತ್ತಿ ತೆಗೆಯುವುದು, ಮತ್ತೆ ನೆನೆಸುವುದು. ನನಗೆ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಅವಳ ತುಟಿ ಅಲ್ಲಾಡುತ್ತಿತ್ತು, ಯಾವ ದೇವರಿಗೆ ಏನು ಹೇಳುತ್ತಿದ್ದಳೋ. ಒರೆಸಿದವರಿಗೆ ಹೋಗಿ ಕೂಡುತ್ತದೆ ಎಂಬ ಮಾತನ್ನು ಅವಳು ಪೂರ್ತಿ ನಂಬಿದ್ದಳು. ನಂಬಿಯೇ ಒರೆಸುತ್ತಿದ್ದಳು. ಮೇಡಂಗೆ ಅದು ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು, ಆದರೂ ಬೇಡ ಅನ್ನುವ ಶಕ್ತಿ ನನ್ನಲ್ಲಿರಲಿಲ್ಲ.

ಮೂಗಿನ ತುದಿಯ ಮಣ್ಣು ಹೋದಾಗ ಅಲ್ಲಿ ಎರಡು ಮೂರು ಗುಳ್ಳೆ ಇದ್ದವು. ಮೇಡಂ ಮುಖ ಬಿಗಿಯಾಯಿತು. ಮೂಗಿನ ತುದಿಗೂ ಕಣ್ಣಿನೊಳಗೂ ಹೋಗುವ ನರ ಒಂದೇ ಅಂತೆ, ಅಲ್ಲಿಗೆ ಬಂದರೆ ಇಲ್ಲಿಗೂ ಬಂದಿರುವ ಸಂಭವ ಹೆಚ್ಚು. ಕಣ್ಣಿಗೆ ಕಿತ್ತಳೆ ಬಣ್ಣದ ಹನಿ ಹಾಕಿ, ನೀಲಿ ಬೆಳಕು ಬಿಟ್ಟು, ಯಂತ್ರದೊಳಗಿಂದ ತುಂಬ ಹೊತ್ತು ನೋಡಿದರು. ಆಮೇಲೆ ಹತ್ತಿಯ ಎಳೆಯೊಂದನ್ನು ಹೊಸೆದು ಕಣ್ಣಗುಡ್ಡೆಗೆ ತಾಗಿಸಿದರು. ಎಡಗಣ್ಣಿಗೆ ತಾಗಿಸಿದಾಗ ಪಟ್ಟನೆ ಮುಚ್ಚಿದೆ. ಬಲಗಣ್ಣಿಗೆ ತಾಗಿಸಿದ್ದು ನನಗೆ ಗೊತ್ತೇ ಆಗಲಿಲ್ಲ. ಸುತ್ತೆಲ್ಲ ಬೆಂಕಿ, ನಡುವೆ ಕಣ್ಣು ಮಾತ್ರ ಮರಗಟ್ಟಿತ್ತು. ಎಲ್ಲಕ್ಕಿಂತ ಹೆಚ್ಚು ನಾನು ಹೆದರಿದ್ದು ಆಗಲೇ.

"ಸಣ್ಣಂವ ಇದ್ದಾಗ ಇವ್ರಿಗಿ ಅಮ್ಮ ಬಂದಿತ್ತೇನು?" ಎಂದು ಮೇಡಂ ಸೀತಾಳೆ ಸಿಡುಬಿನ ಬಗ್ಗೆ ಅವ್ವನನ್ನು ಕೇಳಿದರು.

"ಬಂದಿತ್ರಿ. ಇನ್ನಾ ಸಾಲಿಗಿ ಹೋಗಾಕತ್ತಿರ್ಲಿಲ್ಲ. ಬೇವಿನ ಸೊಪ್ಪಿನ್ಯಾಗ ಮಲಗಿಸಿದ್ದೆ. ನೀರ ಹಾಕಿ, ಹೋಳಿಗಿ ಮಾಡಿ, ಉಡಿ ತುಂಬಿ ಕಳಿಸೀನ್ರಿ ಆಕಿನ್ನ."

"ಅದೇ ವೈರಸ್ಸು ಇದು. ಮೈಮ್ಯಾಲಿಂದ ಹೋಗಿತ್ತು, ಒಳಗಿಂದ ಹೋಗಿರ್ಲಿಲ್ಲ. ನರದಾಗ ಮಲಗಿರ್ತದ. ಮೈಯಾನ ಶಕ್ತಿ ಕಡಿಮಿ ಆದಾಗ ಏಳ್ತದ."

ಅವ್ವ, "ಇಷ್ಟು ವರ್ಷ ಇವನೊಳಗೇ ಇದ್ಲೇನು?" ಅಂದಳು. ಐವತ್ತರ ಹತ್ತಿರ ಬಂದ ಮಗನನ್ನು ಹೊಸಬನಂತೆ ನೋಡಿದಳು.

ಕಣ್ಣು ಉಳಿಯುತ್ತದೆಯೇ ಎಂದು ಕೇಳಿದ್ದು ಸುವರ್ಣಾ. ಮೇಡಂ ಸುಳ್ಳು ಸಮಾಧಾನ ಹೇಳಲಿಲ್ಲ. "ಎರಡು ದಿನ ಮೊದಲು ಬಂದಿದ್ರ ಚೊಲೊ ಇತ್ತು. ಈಗರ ಬಂದೀರಿ, ಅದೂ ಚೊಲೊನೇ. ಔಷಧ ಒಂದೂ ತಪ್ಪಿಸಬ್ಯಾಡ್ರಿ. ಉಳಿದದ್ದು ಆಮ್ಯಾಲ ಹೇಳ್ತೀನಿ," ಅಂದರು. ಮನೆಯಲ್ಲಿ ಬಸುರಿ, ಎಳೆಕೂಸು ಯಾರಾದರೂ ಇದ್ದಾರೆಯೇ, ಗುಳ್ಳೆಯ ನೀರು ತಾಗಿದರೆ ಅವರಿಗೆ ಅಮ್ಮ ಬರಬಹುದು ಎಂದು ಕೇಳಿ, ಇಲ್ಲವೆಂದು ತಿಳಿದು ನಿಟ್ಟುಸಿರು ಬಿಟ್ಟರು. ಸಕ್ಕರೆ ಪರೀಕ್ಷೆಗೆ ರಕ್ತ ತೆಗೆದರು. ಸಕ್ಕರೆ ಕಾಯಿಲೆಯೂ ಇತ್ತು. ಒಂದಕ್ಕೆಂದು ಹೋದರೆ ಇನ್ನೊಂದೂ ಸಿಕ್ಕಿತು, ಬರಿಗೈಲಿ ಬರಲಿಲ್ಲ.

ಆಮೇಲಿನ ವಾರಗಳು ಕತ್ತಲೆ ಕೋಣೆಯವು. ದಿನಕ್ಕೆ ಐದು ಸಲ ದೊಡ್ಡ ಗುಳಿಗೆ, ಎಚ್ಚರವಿದ್ದಾಗಲೆಲ್ಲ ಒಂದಲ್ಲ ಒಂದು ಹನಿ. ಸುವರ್ಣಾ ರೊಟ್ಟಿ ಬಡಿಯುವುದನ್ನು ಅರ್ಧಕ್ಕೆ ಬಿಟ್ಟು ಕೈ ತೊಳೆದು ಓಡಿ ಬರುತ್ತಿದ್ದಳು. ಖಾಜಾಮಿಯಾ ವಾರಕ್ಕೊಮ್ಮೆ ಹುಮನಾಬಾದಿಗೆ ಒಯ್ಯುವಾಗ ಆಟೋದ ಬಲಗಡೆಗೆ ದಪ್ಪ ಪರದೆ ಕಟ್ಟಿದ. ಬೇರೆ ಗಿರಾಕಿಗಳು ಕೇಳಿದರೆ "ಒಳಗ ನವಾಬರು ಅದಾರ" ಅನ್ನುತ್ತಿದ್ದ.

ಕಣ್ಣು ಎಷ್ಟು ಕಾಣುತ್ತಿದೆ ಎಂದು ನಾನೇ ಪರೀಕ್ಷೆ ಮಾಡಿಕೊಳ್ಳುತ್ತಿದ್ದೆ. ಎಡಗಣ್ಣು ಮುಚ್ಚಿ ಕಿಟಕಿಯಿಂದ ಎದುರಿನ ಅಂಗಡಿಯ ಬೋರ್ಡು ಓದುವುದು. ಒಂದು ದಿನ ಪೂರ್ತಿ ಓದಿದೆ. ಖುಷಿಯಿಂದ ಎಲ್ಲರನ್ನೂ ಕರೆದೆ. ಸುವರ್ಣಾ ಬಂದು ನೋಡಿ, "ಅದನ್ನ ಬರದವ್ರು ಯಾರು?" ಎಂದು ಕೇಳಿದಳು. ನಾನೇ. ಆ ಬೀದಿಯ ಬೋರ್ಡೆಲ್ಲ ನನ್ನವೇ. ಕಂಡು ಓದಿದೆನೋ ಬಾಯಿಪಾಠ ಓದಿದೆನೋ ನನಗೇ ಗೊತ್ತಾಗುವಂತಿರಲಿಲ್ಲ. ನನ್ನ ಕೈಬರಹವಿಲ್ಲದ ಜಾಗ ಹುಡುಕಿದರೆ ಅದು ಫ್ಲೆಕ್ಸು, ಅದನ್ನು ಓದಲು ಸೊಕ್ಕು ಬಿಡಲಿಲ್ಲ. ಕೊನೆಗೆ ಅವಳು ದಿನಾ ಬೇರೆ ಬೇರೆ ಹಳೆಯ ಪೇಪರಿನ ತುಂಡು ಹಿಡಿದು ಓದಿಸತೊಡಗಿದಳು. ಮಂಜಿನಲ್ಲಿ ಮೊದಲು ಸಾಲುಗಳು ಕಂಡವು, ಆಮೇಲೆ ತಲೆಕಟ್ಟು, ಎಷ್ಟೋ ದಿನದ ಮೇಲೆ ಒತ್ತಕ್ಷರ.

ಗುಳ್ಳೆ ಒಣಗಿದವು. ಬಂದವರೆಲ್ಲ "ಈಗ ಆರಾಮ ಆತಲ್ರಿ" ಅಂದರು. ಹೌದ್ರಿ ಅನ್ನುವುದು ಸುಲಭ, ಹಾಗೇ ಅಂದೆ. ಆದರೆ ಈ ಬೇನೆಯ ಎರಡನೆಯ ಭಾಗ ಶುರುವಾಗುವುದೇ ಎಲ್ಲರೂ ಆರಾಮ ಅಂದ ಮೇಲೆ. ನೋಡಲು ಚರ್ಮ ಚೆನ್ನಾಗಿದೆ, ಒಳಗೆ ನರ ಉರಿಯುತ್ತದೆ. ಟೋಪಿ ಹಾಕುವಂತಿಲ್ಲ. ಬಲಮಗ್ಗುಲಿಗೆ ಮಲಗುವಂತಿಲ್ಲ. ಅಂಗಿ ತಲೆಯ ಮೇಲಿಂದ ತೊಡುವಾಗ ಉಸಿರು ಹಿಡಿಯಬೇಕು. ಅದಕ್ಕೆ ಕೊಟ್ಟ ಗುಳಿಗೆ ನುಂಗಿದರೆ ತೂಕಡಿಕೆ, ಒಮ್ಮೆ ಏಣಿಯ ಮೇಲೆ ತೂಕಡಿಸಿ ಖಾಜಾಮಿಯಾನಿಂದ ಬೈಸಿಕೊಂಡೆ. ಸಿಟ್ಟು ಮೂಗಿನ ಮೇಲೇ ಇರುತ್ತಿತ್ತು, ಸುವರ್ಣಾಳ ಮೇಲೆ ಕಾರಣವಿಲ್ಲದೆ ರೇಗುತ್ತಿದ್ದೆ. ಅವಳು ರೇಗಿಸಿಕೊಂಡು, ಹನಿ ಹಾಕಿ, ಆಮೇಲೆ ಸರಿಯಾಗಿ ತಿರುಗಿ ಬೈಯುತ್ತಿದ್ದಳು. ಹನಿ ಮಾತ್ರ ಒಂದು ದಿನವೂ ತಪ್ಪಲಿಲ್ಲ.

ಇದು ಈಗಲೂ ಪೂರ್ತಿ ಹೋಗಿಲ್ಲ. ಕಡಿಮೆಯಾಗಿದೆ. ತಂಪುಗಾಳಿ ಬಂದ ದಿನ ಹಣೆಗೆ ಟವೆಲು ಸುತ್ತಿ ಹೊರಡುತ್ತೇನೆ. ಕಾಶಮ್ಮ ಆಯಿಯ ಮೇಲೆ ನನಗೆ ಸಿಟ್ಟಿಲ್ಲ. ಹಸಿದು ಬಂದು ಹಸಿದು ಹೋದ ಮುದುಕಿ ಅವಳು, ನನಗೆ ಒಳ್ಳೆಯದನ್ನೇ ಬಯಸಿದ್ದಳು. ಮುಡಬಿಯ ಗೋಡೆಯ ಉಳಿದ ಅಕ್ಷರ ಮುಗಿಸಲು ಹೋದಾಗ ಅವಳನ್ನು ಕಂಡು ನಡೆದದ್ದೆಲ್ಲ ಹೇಳಿದೆ. "ಕಣ್ಣಿನ ಹತ್ರ ಬಂದ್ರ ನಾ ಇನ್ನ ಮುಟ್ಟಂಗಿಲ್ಲ. ಮೊದಲ ದವಾಖಾನಿಗಿ ಹೋಗ್ರಿ ಅಂತೀನಿ," ಅಂದಳು. ನಿಮಗೂ ನಾನು ಹೇಳುವುದು ಅಷ್ಟೇ. ಒಂದೇ ಕಡೆ ಗುಳ್ಳೆ ಎದ್ದರೆ ಅದೇ ದಿನ ಹೋಗಿ. ಮಣ್ಣು ಆಮೇಲೂ ಸಿಗುತ್ತದೆ.

ಆದರೆ ಆ ದಿನಗಳಲ್ಲಿ ನನ್ನನ್ನು ಉರಿಗಿಂತ ಹೆಚ್ಚು ನೋಯಿಸಿದ್ದು ಇನ್ನೊಂದಿತ್ತು. ದವಾಖಾನೆಯಿಂದ ಬಂದಾಗಿನಿಂದ ಅವ್ವ ನನ್ನ ಹತ್ತಿರ ಬರುವುದನ್ನು ಬಿಟ್ಟಳು. ಚಾಪೆಯನ್ನು ಪಡಸಾಲೆಯ ಮೂಲೆಗೆ ಒಯ್ದಳು. ತನ್ನ ತಾಟು, ಚರಿಗೆ ಬೇರೆ ಇಟ್ಟಳು. ದೂರದಿಂದ ಊಟವಾಯಿತೇ ಎಂದು ಕೇಳುವಳು, ಮುಟ್ಟುವುದಿಲ್ಲ. ಹೆದರಿದ್ದಾಳೆ ಎಂದು ಒಂದು ದಿನ ಸುವರ್ಣಾಳ ಮುಂದೆ ಅಂದುಬಿಟ್ಟೆ.

"ಹೆದರಿಲ್ಲ ಅವ್ರು, ಕಾಯಾಕತ್ತಾರ," ಅಂದಳು ಅವಳು. "ದಿನಾ ಮುಂಜಾನಿ ಕನ್ನಡಿ ಹಿಡಕೊಂಡು ಹಣಿ ನೋಡ್ಕೋತಾರ. ತಮಗ ಬಂತಂದ್ರ ಮನ್ಯಾಗ ಮತ್ತ್ಯಾರಿಗೂ ಹತ್ತಬಾರದಂತ ದೂರ ಮಲಗ್ತಾರ. ನಾ ಕೇಳಿದ್ರ ಏನೂ ಹೇಳಂಗಿಲ್ಲ."

ಮುಂದಿನ ಸಲ ಹುಮನಾಬಾದಿಗೆ ಹೋಗುವಾಗ ಅವ್ವನನ್ನೂ ಒತ್ತಾಯ ಮಾಡಿ ಕರೆದುಕೊಂಡು ಹೋದೆವು. ಅವತ್ತೇ ಮೇಡಂ ಕಣ್ಣಿನ ಬಗ್ಗೆ ಕೊನೆಯ ಮಾತು ಹೇಳುವವರಿದ್ದರು. ಗೋಡೆಯ ಮೇಲಿನ ಅಕ್ಷರ ಓದಿಸಿದರು. ಅವು ನಾನು ಬರೆದವಲ್ಲ, ನಾನಾಗಿದ್ದರೆ ಇನ್ನೂ ದುಂಡಗೆ ಬರೆಯುತ್ತಿದ್ದೆ. ಕೆಳಗಿನ ಸಾಲೊಂದನ್ನು ಬಿಟ್ಟು ಎಲ್ಲವನ್ನೂ ಓದಿದೆ. ಯಂತ್ರದಲ್ಲಿ ಮತ್ತೊಮ್ಮೆ ನೋಡಿ ಮೇಡಂ, "ಕಣ್ಣಗುಡ್ಡಿಮ್ಯಾಗ ಗಾಯದ ಕಲಿ ಉಳಿದದ, ಆದ್ರ ಅಂಚಿಗಿ ಅದ, ನಡುವ ಇಲ್ಲ. ನಿಮ್ಮ ಕಣ್ಣ ನಿಮ್ಮಲ್ಲೇ ಉಳೀತು. ಬೋರ್ಡ ಬರೀರಿ," ಅಂದರು. ಸುವರ್ಣಾ ಗೋಡೆಯ ಕಡೆ ತಿರುಗಿ ಮೂಗು ಸೇದಿದಳು.

ಅವ್ವ ಮುಂದೆ ಬಂದು ಸ್ಟೂಲಿನ ಮೇಲೆ ತಾನೇ ಕೂತಳು. "ನನ್ನ ಮಾರೀನೂ ಒಂದೀಟ ನೋಡ್ರಿ."

ಮೇಡಂ ಬ್ಯಾಟರಿ ಹಾಕಿ ಹಣೆ, ರೆಪ್ಪೆ, ಕೂದಲ ಬುಡ ಎಲ್ಲ ನೋಡಿದರು. "ಏನೂ ಇಲ್ಲ ಅವ್ವಾರ. ಚೊಲೊ ಅದೀರಿ."

ಅವ್ವನ ಮುಖ ಇಳಿಯಿತು. "ಸರಿಯಾಗಿ ನೋಡ್ರಿ. ಬರಬೇಕಿತ್ತು."

"ಯಾಕ ಬರಬೇಕಿತ್ತು?"

"ಅವತ್ತ ನಾ ಒರಸಿನಲ್ರಿ. ಒರಸಿದವ್ರಿಗಿ ಬರ್ತದ. ನನಗ ಬಂದಿಲ್ಲ ಅಂದ್ರ ಅದು ಇವನ್ನ ಬಿಟ್ಟಿಲ್ಲ ಅಂದಂಗಾತಲ್ಲ."

ಮೇಡಂ ಬ್ಯಾಟರಿ ಆರಿಸಿದರು. ನನ್ನನ್ನು ನೋಡಿದರು, ಸುವರ್ಣಾಳನ್ನು ನೋಡಿದರು. ಅವತ್ತು ಸೆರಗು ನೀರಿಗೆ ಅದ್ದಿದ್ದು ಯಾಕೆಂದು ಅವರಿಗೆ ಈಗ ತಿಳಿಯಿತು. ಕುರ್ಚಿ ಎಳೆದುಕೊಂಡು ಅವ್ವನ ಮುಂದೆ ಕೂತರು.

"ಬಿಟ್ಟಿಲ್ಲ ಅನ್ನೂದು ಖರೇ ಅವ್ವಾರ. ಅದು ಇವ್ರನ್ನ ಎಂದೂ ಬಿಡಂಗಿಲ್ಲ. ಹಂಗ ನೋಡಿದ್ರ ನಿಮ್ಮೊಳಗೂ ಅದ, ನನ್ನೊಳಗೂ ಅದ. ಸಣ್ಣಾಗಿದ್ದಾಗ ಯಾರ್ಯಾರಿಗಿ ಅಮ್ಮ ಬಂದಿತ್ತೋ ಅವರೆಲ್ಲರೊಳಗೂ ಮಲಗ್ಯದ. ಒರಸಿದ್ರ ಈ ನಾಗೀಣ ಎದ್ದು ಬಂದು ನಿಮ್ಮ ಮ್ಯಾಲ ಕೂಡಂಗಿಲ್ಲ."

"ಹಂಗಂದ್ರ ಅದನ್ನ ನಾ ತಗೊಳಾಕ ಬರಂಗಿಲ್ಲ."

"ಬರಂಗಿಲ್ಲ. ಆದ್ರ ಅವತ್ತ ನೀವು ಒರಸಿದ್ದಕ್ಕ ನನಗ ಮೂಗಿನ ತುದಿ ಕಾಣಿಸ್ತು. ಅದು ಕಾಣಿಸಿದ್ದಕ್ಕ ಕಣ್ಣಿಗಿ ಅವತ್ತೇ ಔಷಧ ಬಿತ್ತು. ಕಣ್ಣ ಉಳದದ್ದು ಅಲ್ಲಿಂದ."

ಅವ್ವ ತಲೆ ಆಡಿಸಿದಳು. ಒಪ್ಪಿದಳೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಎಪ್ಪತ್ತು ದಾಟಿದ ಜೀವ, ಒಬ್ಬ ಡಾಕ್ಟರ್ ಕುರ್ಚಿ ಎಳೆದುಕೊಂಡು ಹೇಳಿದ ಮಾತಿಗೆ ಎಲ್ಲವನ್ನೂ ಬಿಟ್ಟುಕೊಡುವುದಿಲ್ಲ.

ಹೊರಗೆ ಬಂದು ಖಾಜಾಮಿಯಾನ ಆಟೋಗೆ ಕಾಯುತ್ತ ನಿಂತೆವು. ಅವ್ವ ಸೆರಗಿನಿಂದ ಕೈ ಹೊರತೆಗೆದು ನನ್ನ ಹಣೆಯ ಬಲಭಾಗದ ಮೇಲೆ ಇಟ್ಟಳು. ಸುವರ್ಣಾಳಿಗೂ ನಾನು ಮುಟ್ಟಲು ಬಿಡದ ಜಾಗ ಅದು. ಕಾದ ಹಂಚು ಇಟ್ಟ ಹಾಗೆ ಉರಿಯಿತು.

"ನೋಯ್ತದೇನೋ?" ಅಂದಳು.

"ಇಲ್ಲವ್ವಾ," ಅಂದೆ. ಅವಳು ತಾನಾಗಿ ಕೈ ತೆಗೆಯುವವರೆಗೂ ಹಾಗೆಯೇ ನಿಂತಿದ್ದೆ.